ಬ್ಯಾಟ್ರಿ ಬೆಳಕಿನಲ್ಲಿ ಓದಿದ್ದು

2021ರ ಮೇ ತಿಂಗಳು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ ತೆರೆಯಬಹುದು ಎಂಬ ನಿಯಮವಿದ್ದ ದಿನಗಳು. ಹಾಲು, ತರಕಾರಿ, ಔಷಧಿ ಸಿಗುತ್ತಿದ್ದವು. ಲ್ಯಾಪ್‌ಟಾಪ್ ರಿಪೇರಿ ಮಾಡುವವನು ಮಾತ್ರ ಅಗತ್ಯ ಸೇವೆಯ ಪಟ್ಟಿಯಲ್ಲಿರಲಿಲ್ಲ. ನನ್ನ ಲ್ಯಾಪ್‌ಟಾಪು ಕೆಡುವುದಕ್ಕೆ ಅಂಥದ್ದೇ ಒಂದು ಶುಕ್ರವಾರವನ್ನು ಹುಡುಕಿಕೊಂಡಿತು.

ಕೆಟ್ಟಿದ್ದು ಯಂತ್ರವಲ್ಲ, ಅದರೊಳಗಿದ್ದ ಆಪರೇಟಿಂಗ್ ಸಿಸ್ಟಮ್. ಆನ್ ಮಾಡಿದರೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಿತ್ತು, ಸ್ವಲ್ಪ ಹೊತ್ತು ಯೋಚಿಸುತ್ತಿತ್ತು, ಆಮೇಲೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಹತ್ತು ಸಲ ಹೀಗಾದ ಮೇಲೆ ನನಗೆ ಅಳು ಬಂತು. ನಾನು ಆಗ ಸಾಗರದ ಹತ್ತಿರದ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಅತಿಥಿಗಳಿಗೆ ಆತಿಥ್ಯ ಎಷ್ಟಿರುತ್ತದೆಂದು ಆ ಕೆಲಸ ಮಾಡಿದವರಿಗೆ ಗೊತ್ತು. ತೆಗೆದುಕೊಂಡ ಪಾಠಕ್ಕೆ ಲೆಕ್ಕ, ತೆಗೆದುಕೊಳ್ಳದ ಪಾಠಕ್ಕೆ ವಿವರಣೆ. ಸೋಮವಾರ ಹತ್ತು ಗಂಟೆಗೆ ಆನ್‌ಲೈನ್ ತರಗತಿ ಇತ್ತು. ಮನೆಯಲ್ಲಿದ್ದ ಒಂದೇ ಒಂದು ಸ್ಮಾರ್ಟ್‌ಫೋನಿನ ಪರದೆ ಬಿದ್ದು ಒಡೆದು, ಅರ್ಧ ಭಾಗ ಮುಟ್ಟಿದರೆ ಕೇಳುತ್ತಲೇ ಇರಲಿಲ್ಲ.

ನಮ್ಮ ಬೀದಿಯಲ್ಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಲಾಕ್‌ಡೌನಿಗೆ ಊರಿಗೆ ಬಂದು ಕೂತಿದ್ದ. ಅವನಿಗೆ ಫೋನ್ ಮಾಡಿದೆ. "ಮೇಡಂ, ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಬಿಡಿ, ಹಗುರ ಇರುತ್ತೆ, ದುಡ್ಡೂ ಇಲ್ಲ" ಎಂದ. ಸಂಜೆ ಮಾಸ್ಕ್ ಹಾಕಿಕೊಂಡು ಬಂದು ಕಾಂಪೌಂಡ್ ಗೋಡೆಯ ಮೇಲೆ ಒಂದು ಪೆನ್‌ಡ್ರೈವ್ ಇಟ್ಟು ಹೋದ. ಅಮ್ಮ ಅದಕ್ಕೂ ಸ್ಯಾನಿಟೈಸರ್ ಸಿಂಪಡಿಸಲು ಬಂದಿದ್ದಳು, ತಡೆದೆ.

ಅಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ. ಏನೂ ಕೇಳಲಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಅಪ್ಪ ಏನನ್ನೂ ಕೇಳುವುದಿಲ್ಲ.

ಅದಕ್ಕೆ ಕಾರಣವಿದೆ. ಅಪ್ಪ 1972ರಿಂದ 1998ರವರೆಗೆ ಬಸ್‌ಸ್ಟ್ಯಾಂಡಿನ ಹಿಂದಿದ್ದ ಪ್ರೆಸ್ಸಿನಲ್ಲಿ ಕಂಪೋಸಿಟರ್. ಮೊಳೆ ಜೋಡಿಸುವ ಕೆಲಸ. ಎಡಗೈಯಲ್ಲಿ ಸ್ಟಿಕ್ಕು, ಬಲಗೈಯಲ್ಲಿ ಒಂದೊಂದೇ ಸೀಸದ ಅಕ್ಷರ. ಮದುವೆ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಸೊಸೈಟಿಯ ರಸೀದಿ ಪುಸ್ತಕ, ಚುನಾವಣೆಯ ಕರಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಎಲ್ಲವೂ ಅವನ ಕೈಯಿಂದಲೇ ಹೊರಡುತ್ತಿದ್ದವು. ಇಂಗ್ಲಿಷ್ ಅವನಿಗೆ ಬರುವುದಿಲ್ಲ. ಆದರೆ ಇಂಗ್ಲಿಷ್ ಮದುವೆ ಕಾರ್ಡನ್ನು ಒಂದು ತಪ್ಪಿಲ್ಲದೆ ಜೋಡಿಸುತ್ತಿದ್ದ. ಬರೆದುಕೊಟ್ಟ ಕಾಪಿಯಲ್ಲಿ ಯಾವ ಆಕಾರವಿದೆಯೋ ಅದೇ ಆಕಾರವನ್ನು ಕೇಸಿನಿಂದ ಎತ್ತಿಡುವುದು ಅಷ್ಟೆ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ಕೂತಿರುತ್ತದೆ. ಹಾಗಿದ್ದೂ ಅಪ್ಪ ಅದನ್ನು ಪೇಪರ್ ಓದಿದಷ್ಟೇ ಸಲೀಸಾಗಿ ಓದುತ್ತಿದ್ದ. ಚಿಕ್ಕವಳಿದ್ದಾಗ ನಾನು ಪುಸ್ತಕ ಹಿಡಿದು ಓದುತ್ತಿದ್ದರೆ ಎದುರಿಗೆ ಕೂತ ಅಪ್ಪ ಆ ಕಡೆಯಿಂದಲೇ ನನ್ನ ತಪ್ಪು ತಿದ್ದುತ್ತಿದ್ದ. ಎಲ್ಲರ ಮನೆಯ ಅಪ್ಪಂದಿರೂ ಹೀಗೇ ಓದುತ್ತಾರೆ ಎಂದುಕೊಂಡಿದ್ದೆ.

ಆಮೇಲೆ ಡಿಟಿಪಿ ಬಂತು. ಪ್ರೆಸ್ಸಿನ ಮಾಲೀಕರು ಎರಡು ಕಂಪ್ಯೂಟರ್ ತಂದು, ಟ್ರೆಡಲ್ ಮೆಷಿನ್ನನ್ನು ಮಾರಿ, ಮೊಳೆಗಳನ್ನು ತೂಕಕ್ಕೆ ಹಾಕಿದರು. ಸೀಸಕ್ಕೆ ಆಗ ಒಳ್ಳೆಯ ಬೆಲೆ ಇತ್ತಂತೆ. ಅಪ್ಪ ಒಂದು ದಿನಸಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿಕೊಂಡ. ಈ ವಿಷಯವನ್ನು ಅವನು ದೂರಿನಂತೆ ಎಂದೂ ಹೇಳಿಲ್ಲ. 2013ರಲ್ಲಿ ಎಂ.ಎ. ಓದುವಾಗ ನನಗೆ ಲ್ಯಾಪ್‌ಟಾಪ್ ಬೇಕು ಎಂದಾಗ ಚೀಟಿ ಎತ್ತಿ ದುಡ್ಡು ಕೊಟ್ಟ. ಕೊಟ್ಟಿದ್ದಷ್ಟೇ. ಆ ಎಂಟು ವರ್ಷದಲ್ಲಿ ಒಂದು ದಿನವೂ ಅದರ ಹತ್ತಿರ ಬಂದು ಇಣುಕಿ ನೋಡಿರಲಿಲ್ಲ.

ಸರಿ, ಪೆನ್‌ಡ್ರೈವ್ ಸಿಕ್ಕಿಸಿದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳ ಒಂದು ಪಟ್ಟಿ ಬಂತು. ಮೊದಲನೆಯದನ್ನು ಆರಿಸಿ ಎಂಟರ್ ಒತ್ತಿದೆ. ಒಂದು ಕ್ಷಣ ಏನೋ ಮಿನುಗಿತು. ಆಮೇಲೆ ಕತ್ತಲು. ಫ್ಯಾನ್ ತಿರುಗುತ್ತಿದೆ, ಪೆನ್‌ಡ್ರೈವಿನ ದೀಪ ಪಿಳಿಪಿಳಿ ಎನ್ನುತ್ತಿದೆ, ಪರದೆ ಮಾತ್ರ ಬಾವಿಯ ಹಾಗೆ. ಐದು ನಿಮಿಷ ಕಾದೆ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಮೊದಲಿಂದ. ಮತ್ತೆ ಕತ್ತಲು.

ಹುಡುಗ ಫೋನಿನಲ್ಲಿ ಮೊದಲು ಕೇಳಿದ್ದು, "ಮೇಡಂ, ಕ್ಯಾಪ್ಸ್‌ಲಾಕ್ ಒತ್ತಿ. ಅದರ ಲೈಟು ಹತ್ತಿ ಆರುತ್ತಾ?" ಒತ್ತಿದೆ. ಹತ್ತಿತು. ಮತ್ತೆ ಒತ್ತಿದೆ. ಆರಿತು. "ಹಾಗಾದ್ರೆ ಜೀವ ಇದೆ" ಎಂದ. ನಾಡಿ ಹಿಡಿದು ನೋಡಿದ ಹಾಗೆ. ಕೀಲಿಮಣೆಯ ಆ ಪುಟ್ಟ ದೀಪಕ್ಕೆ ಇಂಥ ಕೆಲಸವೂ ಇದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಒಳಗೆ ಆಪರೇಟಿಂಗ್ ಸಿಸ್ಟಮ್ ಎಚ್ಚರವಾಗಿದ್ದರೆ ಮಾತ್ರ ಆ ದೀಪ ನಮ್ಮ ಮಾತು ಕೇಳುತ್ತದೆ.

ಅವನು ಹೇಳಿಕೊಟ್ಟ ಉಪಾಯ ಇದು. ಆ ಬಿಳಿ ಅಕ್ಷರದ ಪಟ್ಟಿ ಬಂದಾಗ ಎಂಟರ್ ಬದಲು 'ಇ' ಅಕ್ಷರ ಒತ್ತಬೇಕು. ಯಂತ್ರ ತಾನು ಮುಂದೆ ಏನು ಮಾಡಲಿದ್ದೇನೆ ಎಂಬುದನ್ನು ನಾಲ್ಕಾರು ಸಾಲಿನಲ್ಲಿ ಬರೆದು ತೋರಿಸುತ್ತದೆ. ಅದರಲ್ಲಿ 'ಲಿನಕ್ಸ್' ಎಂದು ಶುರುವಾಗುವ ಸಾಲಿನಲ್ಲಿ 'ಕ್ವಯಟ್ ಸ್ಪ್ಲ್ಯಾಶ್' ಎಂದಿರುತ್ತದೆ. ಗಲಾಟೆ ಮಾಡಬೇಡ, ಚಿತ್ರ ತೋರಿಸು ಎಂದರ್ಥ. ಅದರ ಪಕ್ಕ 'ನೋಮೋಡ್‌ಸೆಟ್' ಎಂದು ಸೇರಿಸಿ ಎಫ್10 ಒತ್ತಬೇಕು. ಲಿನಕ್ಸಿನ ತಿರುಳಾದ ಕರ್ನೆಲ್ ಈಗೀಗ ಎದ್ದ ಕೂಡಲೇ ಪರದೆಯ ಉಸ್ತುವಾರಿಯನ್ನು ತಾನೇ ವಹಿಸಿಕೊಳ್ಳುತ್ತದೆ. ಪರದೆ ಎಷ್ಟು ಅಗಲ, ಎಷ್ಟು ಚುಕ್ಕಿ, ಎಲ್ಲವನ್ನೂ ಗ್ರಾಫಿಕ್ಸ್ ಚಿಪ್ಪಿನ ಜೊತೆ ಮಾತಾಡಿ ಹೊಂದಿಸುತ್ತದೆ. ಆ ಕೈಬದಲಾವಣೆಯ ಹೊತ್ತಿನಲ್ಲೇ ಎಷ್ಟೋ ಲ್ಯಾಪ್‌ಟಾಪುಗಳು ಕಣ್ಣು ಮುಚ್ಚುವುದು. ನೋಮೋಡ್‌ಸೆಟ್ ಎಂದರೆ, ಸದ್ಯಕ್ಕೆ ನೀನು ಪರದೆಯ ತಂಟೆಗೆ ಹೋಗಬೇಡ, ಇದ್ದ ಹಾಗೆ ಇರಲಿ ಎಂಬ ಅಪ್ಪಣೆ.

ಪರದೆ ಬಂತು! ರಾತ್ರಿ ಹನ್ನೊಂದರ ಹೊತ್ತಿಗೆ ಲಿನಕ್ಸ್ ಇನ್‌ಸ್ಟಾಲ್ ಕೂಡ ಆಯಿತು. ಪೆನ್‌ಡ್ರೈವಿನ ಅಪ್ಪಣೆ ಒಳಗೂ ಉಳಿಯುವ ಹಾಗೆ ಅವನು ಹೇಳಿದಂತೆ ಮಾಡಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಅದೇನು ಬಂದಿತ್ತೋ ಅದು ಬಂದಿದ್ದಂತಲ್ಲ. ಅಕ್ಷರಗಳೆಲ್ಲ ಅಡ್ಡಡ್ಡ ಹಿಗ್ಗಿ, ಅಂಚು ಮಸುಕಾಗಿ, ಎಲ್ಲರ ಮುಖವೂ ಗದಗದ ಊದಿಕೊಂಡಿತ್ತು. 1366 ಚುಕ್ಕಿ ಅಗಲದ ಪರದೆಗೆ 1024 ಚುಕ್ಕಿಯ ಚಿತ್ರವನ್ನು ಎಳೆದು ಹೊದಿಸಿದರೆ ಹಾಗೇ ಆಗುವುದು. ಅದನ್ನಾದರೂ ಸಹಿಸಬಹುದು. ಪರೀಕ್ಷೆಗೆಂದು ಅವನ ಜೊತೆ ಒಂದು ವಿಡಿಯೋ ಕಾಲ್ ಮಾಡಿದರೆ ಮಾತು ಬರುತ್ತಿದೆ, ಬಾಯಿ ಅಲ್ಲೇ ನಿಂತಿದೆ, ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತಿದೆ. ಗ್ರಾಫಿಕ್ಸ್ ಚಿಪ್ಪನ್ನು ಮೂಲೆಗೆ ಕೂರಿಸಿದ್ದರಿಂದ ಚಿತ್ರ ಬರೆಯುವ ಹೊರೆ ಎಲ್ಲವೂ ಪ್ರೊಸೆಸರಿನ ತಲೆಗೆ ಬಿದ್ದಿತ್ತು. ನೋಮೋಡ್‌ಸೆಟ್ ಎಂಬುದು ಊರುಗೋಲು. ಇನ್‌ಸ್ಟಾಲ್ ಆಗುವವರೆಗೆ ಸಾಕು, ಅದರಲ್ಲೇ ಸಂಸಾರ ಮಾಡಲು ಆಗುವುದಿಲ್ಲ. (ಇದನ್ನು ತಿಳಿಯದೆ ವರ್ಷಗಟ್ಟಲೆ ಊರುಗೋಲಿನಲ್ಲೇ ನಡೆಸುವವರನ್ನು ಆಮೇಲೆ ಕಂಡಿದ್ದೇನೆ. "ಲಿನಕ್ಸ್ ಅಂದ್ರೆ ಹೀಗೇ ನಿಧಾನ" ಎನ್ನುತ್ತಾರೆ.)

ಶನಿವಾರ ಮಧ್ಯಾಹ್ನ ಊರುಗೋಲು ತೆಗೆದೆ. ಮತ್ತೆ ಬಾವಿ.

ಈ ಸಲ ಒಂದು ವ್ಯತ್ಯಾಸವಿತ್ತು. ಕತ್ತಲಾದ ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಡೋಲು ತಟ್ಟಿದಂತೆ ಒಂದು ಸಣ್ಣ ಸದ್ದು ಬಂತು. ಲಾಗಿನ್ ಪರದೆ ಸಿದ್ಧವಾದಾಗ ಬರುವ ಸದ್ದು ಅದು. ಅಂದರೆ ಒಳಗೆ ಎಲ್ಲವೂ ಸರಿಯಾಗಿ ನಡೆದಿದೆ, ನನ್ನ ಹೆಸರು ಬರೆದು ಪಾಸ್‌ವರ್ಡ್ ಕೇಳುತ್ತಾ ಯಾರೋ ಕೂತಿದ್ದಾರೆ. ನನಗೆ ಕಾಣಿಸುತ್ತಿಲ್ಲ. ಫೋನ್ ಮಾಡೋಣವೆಂದರೆ ಸಂಜೆಯ ಗುಡುಗು ಮಳೆ ಶುರುವಾಗಿ ನೆಟ್‌ವರ್ಕ್ ಹೋಗಿತ್ತು. ಅದರ ಹಿಂದೆಯೇ ಕರೆಂಟೂ ಹೋಯಿತು. ಎಂಟು ವರ್ಷದ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಗೆ ಹೆಚ್ಚೆಂದರೆ ಇಪ್ಪತ್ತೈದು ನಿಮಿಷದ ಆಯಸ್ಸು. ನಾನು ಅದರ ಮುಂದೆ ಸುಮ್ಮನೆ ಕೂತುಬಿಟ್ಟೆ.

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎನ್ನುತ್ತಾರೆ. ಕರೆಂಟ್ ಹೋದ ಕೂಡಲೇ ಅಪ್ಪ ತನ್ನ ಬ್ಯಾಟ್ರಿ ಹಿಡಿದು ದೀಪ ಹುಡುಕಲು ಒಳಗೆ ಬಂದ. ಮೇಜಿನ ಪಕ್ಕದಿಂದ ಹಾದುಹೋಗುವಾಗ ಬೆಳಕು ಲ್ಯಾಪ್‌ಟಾಪಿನ ಪರದೆಯ ಮೇಲೆ ಓರೆಯಾಗಿ ಬಿತ್ತು. ಅಪ್ಪ ನಿಂತ.

"ಇದರಲ್ಲಿ ಏನೋ ಇದ್ಯಲ್ಲೇ?"

"ಏನೂ ಇಲ್ಲ ಅಪ್ಪ, ಹಾಳಾಗಿದೆ."

"ಇದೆ. ಇಲ್ಲಿ ನೋಡು, ನಿನ್ನ ಹೆಸರು. ಇಂಗ್ಲಿಷಲ್ಲಿ."

ಎದ್ದು ಅವನು ನಿಂತ ಜಾಗದಿಂದ ಬಗ್ಗಿ ನೋಡಿದೆ. ನನಗೆ ಮೊದಲು ಬರೀ ಬ್ಯಾಟ್ರಿಯ ಗುಂಡನೆ ಬೆಳಕು ಕಂಡಿತು. ಅಪ್ಪ ಕೈಯನ್ನು ಒಂಚೂರು ತಿರುಗಿಸಿದ. ಆಗ ಬೆಳಕಿನ ಅಂಚಿನಲ್ಲಿ, ಬಾವಿಯ ತಳದ ನಾಣ್ಯದ ಹಾಗೆ, ನನ್ನ ಹೆಸರು ಕಂಡಿತು. ಅದರ ಕೆಳಗೆ ಪಾಸ್‌ವರ್ಡಿನ ಖಾಲಿ ಪೆಟ್ಟಿಗೆ.

ಲ್ಯಾಪ್‌ಟಾಪಿನ ಪರದೆ ತಾನಾಗಿ ಬೆಳಗುವುದಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ. ಅಂಥ ಎಲ್‌ಸಿಡಿ ಪರದೆಯಲ್ಲಿರುವುದು ಬೆಳಕನ್ನು ಬಿಡುವ ಅಥವಾ ತಡೆಯುವ ದ್ರವಹರಳುಗಳ ಸಾಲು. ಬೆಳಕು ಬರುವುದು ಅದರ ಹಿಂದಿನಿಂದ, ಬೇರೆಯದೇ ದೀಪಗಳಿಂದ. ತೊಗಲುಬೊಂಬೆಯಾಟ ನೋಡಿದವರಿಗೆ ಇದನ್ನು ಹೇಳುವುದು ಸುಲಭ: ಬೊಂಬೆ ಕುಣಿಯುತ್ತಿದೆ, ಹಿಂದಿನ ದೀಪ ಆರಿದೆ. ನನ್ನ ಲ್ಯಾಪ್‌ಟಾಪು ಎರಡು ದಿನದಿಂದ ಆ ಕತ್ತಲಲ್ಲಿ ಚಿತ್ರ ಬರೆಯುತ್ತಲೇ ಇತ್ತು.

ಮಳೆ ಸ್ವಲ್ಪ ಹಿಂಜರಿದಾಗ ಜಗಲಿಯ ಮೂಲೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕಿತು. ವಿಷಯ ಕೇಳಿ ಹುಡುಗ ಕುಣಿದ. "ಬ್ಯಾಕ್‌ಲೈಟ್ ಮೇಡಂ, ಬ್ಯಾಕ್‌ಲೈಟ್! ನನಗೆ ಹೊಳೀಲೇ ಇಲ್ಲ. ಬರ್ಕೊಳ್ಳಿ." ಕೈಗೆ ಸಿಕ್ಕಿದ್ದು ಯಾರದೋ ಮದುವೆ ಕಾರ್ಡು, ಅದರ ಹಿಂಬದಿಯಲ್ಲಿ ಬರೆದುಕೊಂಡೆ. ಅವನು ಒಂದೊಂದೇ ಅಕ್ಷರ ಹೇಳಿದ, ನಾನು ಒಂದೊಂದೇ ಅಕ್ಷರ ಬರೆದೆ. ಐದು ಸಾಲು ಆಗುವ ಹೊತ್ತಿಗೆ ಕಾಲ್ ಕಟ್ಟಾಯಿತು.

ಒಳಗೆ ಬಂದು ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದೆ. ಚಿತ್ರಗಳಿಲ್ಲದ, ಬರೀ ಅಕ್ಷರಗಳ ಒಂದು ಪರದೆ ಇದರಿಂದ ತೆರೆಯುತ್ತದೆ. ತೆರೆಯಿತೋ ಇಲ್ಲವೋ ನನಗೆ ಕಾಣಿಸಲಿಲ್ಲ. ಅಪ್ಪ ಬ್ಯಾಟ್ರಿ ಓರೆ ಹಿಡಿದು, ಇನ್ನೊಂದು ಕೈಯಲ್ಲಿ ಪ್ರೂಫ್ ನೋಡುತ್ತಿದ್ದ ಕಾಲದ ಭೂತಗನ್ನಡಿ ತಂದು, ಮುಖವನ್ನು ಪರದೆಗೆ ತಾಗಿಸುವಷ್ಟು ಹತ್ತಿರ ಹೋದ.

"ಎಲ್, ಓ, ಜಿ, ಐ, ಎನ್. ಆಮೇಲೆ ಮೇಲೊಂದು ಕೆಳಗೊಂದು ಚುಕ್ಕಿ."

ನಾನು ಹೆಸರು ಟೈಪಿಸಿದೆ. "ಬಂತು. ಸರಿಯಾಗಿದೆ. ಈಗ ಇನ್ನೊಂದು ಪದ ಕೇಳ್ತಿದೆ, ಪಿ ಇಂದ." ಪಾಸ್‌ವರ್ಡ್ ಟೈಪಿಸಿದೆ. "ಏನೂ ಬೀಳ್ತಿಲ್ಲ ಮಗಾ."

"ಅದು ಬೀಳೋದಿಲ್ಲ ಅಪ್ಪ. ಯಾರೂ ನೋಡಬಾರ್ದು ಅಂತ."

"ಈ ಕತ್ತಲಲ್ಲೂ?" ಎಂದ.

ಹೀಗೆ ನಡೆಯಿತು. ನನ್ನ ಕೈ, ಅವನ ಕಣ್ಣು. ಇಂಗ್ಲಿಷ್ ಬಾರದವನು ಇಂಗ್ಲಿಷನ್ನು ಓದಿ ಹೇಳುತ್ತಿದ್ದ, ಓದಲಾರದವಳು ಟೈಪಿಸುತ್ತಿದ್ದಳು. ಲಿನಕ್ಸಿನಲ್ಲಿ ಒಂದು ಸೊಗಸಿದೆ: ಯಂತ್ರದ ಬಿಡಿಭಾಗಗಳೆಲ್ಲ ಅಲ್ಲಿ ಫೈಲುಗಳ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಪರದೆಯ ಹಿಂದಿನ ದೀಪವೂ ಒಂದು ಫೋಲ್ಡರು. ಅದರೊಳಗೆ 'ಬ್ರೈಟ್‌ನೆಸ್' ಎಂಬ ಫೈಲು, ಆ ಫೈಲಿನೊಳಗೆ ಒಂದೇ ಒಂದು ಸಂಖ್ಯೆ. ಕಾರ್ಡಿನ ಮೇಲಿದ್ದ ಎರಡನೆಯ ಸಾಲು ಆ ದೀಪಗಳ ಪಟ್ಟಿ ಕೇಳುವಂಥದ್ದು. ಒತ್ತಿದೆ.

ಅಪ್ಪ ತುಂಬ ಹೊತ್ತು ನೋಡಿದ. "ಎರಡು ಹೆಸರಿದೆ. ಒಂದು, ಎ ಸಿ ಪಿ ಐ, ಕೆಳಗೆ ಗೆರೆ, ವಿ ಐ ಡಿ ಇ ಓ, ಕೊನೇಲಿ ಸೊನ್ನೆ. ಸೊನ್ನೆಯೋ ಓ ಅಕ್ಷರವೋ... ಸೊನ್ನೆಯೇ, ಒಳಗೆ ಗುರುತಿದೆ. ಇನ್ನೊಂದು ಐ ಎನ್ ಟಿ ಇ ಎಲ್, ಕೆಳಗೆ ಗೆರೆ, ಬಿ ಎ ಸಿ ಕೆ..."

ಅಲ್ಲಿತ್ತು ಗುಟ್ಟು. ದೀಪ ಒಂದು, ಅದನ್ನು ತಿರುಗಿಸುವ ಗುಬುಟು ಎರಡು. ಒಂದು ಗುಬುಟಿಗೆ ದೀಪದ ತಂತಿಯೇ ತಾಗಿಲ್ಲ. ಲಿನಕ್ಸ್ ಆ ಸುಳ್ಳು ಗುಬುಟನ್ನೇ ನಂಬಿಕೊಂಡು, ಬೆಳಕು ಪೂರ್ತಿ ಇದೆ ಎಂದುಕೊಂಡು ನಿಶ್ಚಿಂತೆಯಿಂದಿತ್ತು. ಎರಡನೆಯದರ ಒಳಗೆ ಇದ್ದ ಸಂಖ್ಯೆಯನ್ನು ಕೇಳಿದೆ. "ಸೊನ್ನೆ" ಎಂದ ಅಪ್ಪ. ಗರಿಷ್ಠ ಎಷ್ಟು ಎಂದು ಕೇಳಿದೆ. "ನಾಲ್ಕು, ಎಂಟು, ಎಂಟು, ಎರಡು."

4882ಕ್ಕೆ ಸೊನ್ನೆ. ನಾಲ್ಕನೆಯ ಸಾಲು, ಆ ಫೈಲಿಗೆ ಹೊಸ ಸಂಖ್ಯೆ ಬರೆಯುವುದು. ಎರಡು ಸಾವಿರ ಎಂದು ಬರೆದು, ಮತ್ತೊಮ್ಮೆ ಕಾಣದ ಪಾಸ್‌ವರ್ಡ್ ಕೊಟ್ಟು, ಎಂಟರ್ ಒತ್ತಿದೆ.

ಬೆಳಕು ಎಷ್ಟು ತಟ್ಟನೆ ಬಂತೆಂದರೆ ಅಪ್ಪ ಭೂತಗನ್ನಡಿಯನ್ನು ಕೆಳಗೆ ಬೀಳಿಸಿದ. ಕರೆಂಟಿಲ್ಲದ ಆ ಕೋಣೆಯಲ್ಲಿ ಅವನ ಮುಖ ನೀಲಿಯಾಗಿ ಕಂಡಿತು. ಅಡುಗೆಮನೆಯಿಂದ ಅಮ್ಮ "ಕರೆಂಟ್ ಬಂತಾ?" ಎಂದು ಕೂಗಿದಳು.

ಎರಡು ಗುಬುಟು ಯಾಕಿರುತ್ತವೆ ಎಂಬುದನ್ನು ಹುಡುಗ ಆಮೇಲೊಂದು ದಿನ ಬಿಡಿಸಿ ಹೇಳಿದ. ಅದು ಬಲು ಚೆನ್ನಾಗಿದೆ. ಲ್ಯಾಪ್‌ಟಾಪ್ ಮಾಡುವವರು ಯಂತ್ರದೊಳಗೆ ಒಂದು ಸಣ್ಣ ತಂತ್ರಾಂಶವನ್ನು ಹುದುಗಿಸಿರುತ್ತಾರೆ. ಅದು ಆಪರೇಟಿಂಗ್ ಸಿಸ್ಟಮ್ ಮೇಲೆದ್ದಾಗ "ನೀನು ಯಾರು?" ಎಂದು ಕೇಳಬಹುದು, ಉತ್ತರಕ್ಕೆ ತಕ್ಕಂತೆ ವರ್ತನೆ ಬದಲಿಸಬಹುದು. ಹೆಚ್ಚಿನವರು ತಮ್ಮ ಯಂತ್ರವನ್ನು ಪರೀಕ್ಷಿಸುವುದು ವಿಂಡೋಸ್ ಹಾಕಿ ಮಾತ್ರ. ಹಾಗಾಗಿ "ನಾನು ಲಿನಕ್ಸ್" ಎಂದು ನಿಜ ಹೇಳಿದರೆ ಯಾರೂ ಪರೀಕ್ಷಿಸದ ದಾರಿಯಲ್ಲಿ ಸಿಕ್ಕಿಕೊಳ್ಳುವ ಅಪಾಯ. ಅದಕ್ಕೇ ಲಿನಕ್ಸ್ ಬಹಳ ವರ್ಷದಿಂದ ಒಂದು ಸುಳ್ಳು ಹೇಳುತ್ತದೆ. "ನೀನು ವಿಂಡೋಸಾ?" ಎಂದರೆ ಹೌದು ಎನ್ನುತ್ತದೆ. "ಲಿನಕ್ಸಾ?" ಎಂದರೆ ಅಲ್ಲ ಎನ್ನುತ್ತದೆ. ಇದನ್ನು ಕೇಳಿದಾಗ ನನಗೆ ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕಿದ್ದು ನೆನಪಾಯಿತು. "ನೀವು ಯಾವ ಪೈಕಿ?" ಎಂದು ಬಾಗಿಲಲ್ಲೇ ಕೇಳುವ ಮಾಲೀಕರಿಗೆ, ಬೇಕಾದ ಉತ್ತರ ಕೊಟ್ಟು ಒಳಗೆ ಹೋದ ಗೆಳತಿಯರಿದ್ದರು. ಒಳಗೆ ಹೋದ ಮೇಲೆ ಅಡುಗೆಯ ವಾಸನೆಯಿಂದ ಹಿಡಿದು ಎಲ್ಲದರಲ್ಲೂ ಆ ಸುಳ್ಳನ್ನು ನಿಭಾಯಿಸಬೇಕು. ಲಿನಕ್ಸಿಗೂ ಅದೇ ಪಾಡು. ವಿಂಡೋಸ್ ಎಂದು ಹೇಳಿ ಒಳಗೆ ಬಂದ ಮೇಲೆ, ಯಾವ ಗುಬುಟು ನಿಜ ಯಾವುದು ಬರೀ ತೋರಿಕೆಗೆ ಎಂದು ತಾನೇ ಊಹಿಸಬೇಕು. ಊಹೆ ತಪ್ಪುವ ಮಾದರಿಗಳದ್ದೇ ಒಂದು ಪಟ್ಟಿ ಕರ್ನೆಲಿನೊಳಗಿದೆಯಂತೆ. ಎಲ್ಲೆಲ್ಲೋ ಕೂತವರು, ನನ್ನ ಹಾಗೆ ಕತ್ತಲೆ ಪರದೆಯ ಮುಂದೆ ಒದ್ದಾಡಿದವರು, ತಮ್ಮ ಲ್ಯಾಪ್‌ಟಾಪಿನ ಮಾದರಿ ಇಂಥದ್ದು, ಅದರ ನಿಜವಾದ ಗುಬುಟು ಇಂಥದ್ದು ಎಂದು ಬರೆದು ಕಳಿಸಿ ಬೆಳೆದ ಪಟ್ಟಿ. ನನ್ನ ಮಾದರಿ ಅದರಲ್ಲಿ ಇರಲಿಲ್ಲ.

ಕತೆ ಇನ್ನೂ ಮುಗಿದಿರಲಿಲ್ಲ. ಫೈಲಿಗೆ ಬರೆದ ಸಂಖ್ಯೆ ಆಗಿನ ಮಟ್ಟಿಗೆ ಮಾತ್ರ, ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಕತ್ತಲು. ಶಾಶ್ವತವಾಗಿ ಸರಿಹೋಗಬೇಕೆಂದರೆ, ಸುಳ್ಳು ಗುಬುಟನ್ನು ಮುಟ್ಟಬೇಡ ಎಂಬ ಮಾತನ್ನು ಅದೇ 'ಕ್ವಯಟ್ ಸ್ಪ್ಲ್ಯಾಶ್' ಪಕ್ಕದಲ್ಲಿ ಬರೆದಿಡಬೇಕು. ಕಾರ್ಡಿನ ಕೊನೆಯ ಸಾಲು ಅದೇ: ಎಸಿಪಿಐ, ಕೆಳಗೆರೆ, ಬ್ಯಾಕ್‌ಲೈಟ್, ಸಮ ಚಿಹ್ನೆ, ವೆಂಡರ್. ಬ್ಯಾಟರಿ ಹನ್ನೆರಡು ನಿಮಿಷ ಎನ್ನುತ್ತಿತ್ತು. ಈಗ ಬೆಳಕಿದೆಯಲ್ಲ, ನನಗೇ ಕಾಣುತ್ತಿದೆಯಲ್ಲ ಎಂಬ ಜಂಬದಲ್ಲಿ ಸರಸರ ಟೈಪಿಸಿ ಉಳಿಸಲು ಹೊರಟೆ.

"ನಿಲ್ಲು" ಎಂದ ಅಪ್ಪ. "ಪ್ರೂಫ್ ನೋಡದೆ ಮೆಷಿನ್ನಿಗೆ ಹಾಕ್ತೀಯಾ?"

"ಬ್ಯಾಟರಿ ಖಾಲಿಯಾಗುತ್ತೆ ಅಪ್ಪ!"

ಅವನು ಕೇಳಿಸಿಕೊಳ್ಳಲಿಲ್ಲ. ಮದುವೆ ಕಾರ್ಡನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳಿನ ಉಗುರನ್ನು ಪರದೆಯ ಮೇಲೆ ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತಾ ಹೋದ. ಕಾಪಿಯಲ್ಲೊಂದು ನೋಟ, ಪರದೆಯಲ್ಲೊಂದು ನೋಟ. ಪ್ರೆಸ್ಸಿನಲ್ಲಿ ಅವನು ಹೀಗೆ ನಿಲ್ಲುತ್ತಿದ್ದುದನ್ನು ನಾನು ಇಪ್ಪತ್ತಮೂರು ವರ್ಷದಿಂದ ನೋಡಿರಲಿಲ್ಲ. ಆಗ ನಾನು ಎಂಟು ವರ್ಷದವಳು, ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದೆ. ಗ್ಯಾಲಿ ಪ್ರೂಫ್ ಮುಗಿಯುವವರೆಗೆ ತಲೆ ಎತ್ತುತ್ತಿರಲಿಲ್ಲ.

ಉಗುರು ನಿಂತಿತು. "ಇಲ್ಲಿ ಒಂದು ಎಲ್ ಹೆಚ್ಚಾಗಿದೆ."

ಬ್ಯಾಕ್‌ಲೈಟ್ ಎನ್ನುವ ಜಾಗದಲ್ಲಿ ನಾನು ಬ್ಲ್ಯಾಕ್‌ಲೈಟ್ ಎಂದು ಟೈಪಿಸಿದ್ದೆ. ಎರಡು ದಿನ ಕಪ್ಪು ಪರದೆ ನೋಡಿ ನೋಡಿ ಕೈಗೂ ಕಪ್ಪು ಹತ್ತಿತ್ತೇನೋ. ಇಂಗ್ಲಿಷ್ ಗೊತ್ತಿರುವ ಕಣ್ಣು ಅದನ್ನು ಸಲೀಸಾಗಿ ದಾಟಿಹೋಗುತ್ತದೆ, ಎರಡೂ ಅರ್ಥವಿರುವ ಪದಗಳೇ. ಹಾಗೇ ಬಿಟ್ಟಿದ್ದರೆ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲ, ಇನ್ನೂ ಕೆಟ್ಟದ್ದು ಆಗುತ್ತಿತ್ತು. ಕರ್ನೆಲ್ ತನಗೆ ಅರ್ಥವಾಗದ ಇಂಥ ಮಾತನ್ನು ಅಡ್ಡಿ ಮಾಡದೆ ಬಿಟ್ಟು ಮುಂದೆ ಹೋಗುತ್ತದೆ. ಮತ್ತೆ ಕತ್ತಲಾಗುತ್ತಿತ್ತು, ಹುಡುಗ ಹೇಳಿದ ಮದ್ದೇ ತಪ್ಪು ಎಂದು ತಿಳಿದು ನಾನು ಬೇರೆ ಏನನ್ನೋ ಹುಡುಕಿಕೊಂಡು ಹೋಗುತ್ತಿದ್ದೆ.

ಎಲ್ ಅಳಿಸಿದೆ. ಉಳಿಸಿದೆ. ಗ್ರಬ್‌ಗೆ ಹೊಸ ಸಾಲನ್ನು ತಿಳಿಸುವ ಆಜ್ಞೆ ಕೊಟ್ಟು, ಮೂರು ನಿಮಿಷ ಬಾಕಿ ಇರುವಾಗ ರೀಸ್ಟಾರ್ಟ್ ಮಾಡಿದೆ. ಡೋಲು ಬಡಿಯಿತು. ಪರದೆ ಬೆಳ್ಳಗೆ, ಅಗಲಕ್ಕೆ ತಕ್ಕ ಅಗಲವಾಗಿ ಬಂತು. ಅಷ್ಟರಲ್ಲಿ ಬ್ಯಾಟರಿ ಮುಗಿದು ಆಫ್ ಆಯಿತು. ಅಪ್ಪ ತನ್ನ ಬ್ಯಾಟ್ರಿ ಹೊತ್ತಿಸಿದ. ನಾವು ಊಟಕ್ಕೆ ಹೋದೆವು.

ಭಾನುವಾರ ಇನ್ನೊಂದು ಕತೆ. ಪಾಠದ ಟಿಪ್ಪಣಿಗಳನ್ನೆಲ್ಲ ಮೊದಲೇ ಬೇರೊಂದು ಪೆನ್‌ಡ್ರೈವಿಗೆ ಹಾಕಿಟ್ಟಿದ್ದೆ. ಲಿನಕ್ಸಿನಲ್ಲಿ ತೆರೆದರೆ ಕನ್ನಡವೇ ಇಲ್ಲ. 'ಕನ್ನಡ' ಎಂಬ ಪದವಿರಬೇಕಾದಲ್ಲಿ ಪಿ ಅಕ್ಷರ, ತಲೆಯ ಮೇಲೆ ಗೆರೆಯಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಗೆರೆಯ ಎ. ಎಂ.ಎ. ಕಾಲದಿಂದ ನಾನು ಟೈಪಿಸಿದ್ದೆಲ್ಲ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿತ್ತು. ಈ ಯಂತ್ರದಲ್ಲಿ ಆ ಫಾಂಟ್ ಇರಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಅಪ್ಪ ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತ. ಕರೆಯದೆ ಬಂದಿದ್ದ.

"ಕೇಸು ಬದಲಾಗಿದೆ" ಎಂದ.

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಮೊಳೆಯ ಕೇಸಿನಲ್ಲಿ ಇಂಥ ಮನೆಯಲ್ಲಿ 'ಕ', ಇಂಥ ಮನೆಯಲ್ಲಿ 'ನ', ಇಂಥ ಮನೆಯಲ್ಲಿ ಒತ್ತು ಎಂದಿರುತ್ತದೆ. ಕಂಪೋಸಿಟರ್ ಮನೆ ನೋಡಿ ಎತ್ತುವುದಿಲ್ಲ, ಕೈ ತಾನಾಗಿ ಹೋಗುತ್ತದೆ. ಒಂದು ದಿನ ಯಾರೋ ಕನ್ನಡದ ಕೇಸು ತೆಗೆದು ಅದೇ ಜಾಗದಲ್ಲಿ ಇಂಗ್ಲಿಷಿನ ಕೇಸು ಇಟ್ಟಿದ್ದರಂತೆ. ಅಪ್ಪ ಮಾತಾಡುತ್ತಾ ಎರಡು ಸಾಲು ಜೋಡಿಸಿ, ಪ್ರೂಫ್ ತೆಗೆದರೆ ಹೀಗೇ ಬಂದಿತ್ತಂತೆ. "ನಿನ್ನ ಬರಹ ಸರಿಯಾಗೇ ಇದೆ. ಮನೆಯ ನಂಬರು ಸರಿ ಇದೆ. ಮನೆಯೊಳಗೆ ಬೇರೆಯವರು ಕೂತಿದಾರೆ."

ಹಳೆಯ ಫಾಂಟುಗಳಿಗೂ ಯೂನಿಕೋಡಿಗೂ ಇರುವ ವ್ಯತ್ಯಾಸವನ್ನು ನಾನು ಒಂದೆರಡು ಕಾರ್ಯಾಗಾರಗಳಲ್ಲಿ ಕೇಳಿದ್ದೇನೆ. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹಳೆಯ ಫಾಂಟಿನವರು ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಯೂನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿಯೇ ಇದೆ. ಆ ಕೇರಿ 1991ರ ಮೊದಲ ಆವೃತ್ತಿಯಲ್ಲೇ ಗೊತ್ತಾಗಿತ್ತು. ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಎಂದು ಹೇಳಿದ್ದೂ ಅದೇ ವರ್ಷ. ಆಗ ಸಾಗರದಲ್ಲಿ ಅಪ್ಪ ಇನ್ನೂ ಮೊಳೆ ಜೋಡಿಸುತ್ತಿದ್ದ.

ಹುಡುಗ ಒಂದು ಪರಿವರ್ತಕ ತಂತ್ರಾಂಶ ಕಳಿಸಿದ. ಟಿಪ್ಪಣಿಗಳೆಲ್ಲ ಕನ್ನಡವಾದವು, ಸೋಮವಾರದ ಪಾಠವೂ ನಡೆಯಿತು. ಆದರೆ ಪರಿವರ್ತಕ ಅಲ್ಲಲ್ಲಿ ಎಡವಿತ್ತು. ಅರ್ಕಾವೊತ್ತು ಹಿಂದಿನ ಅಕ್ಷರಕ್ಕೆ ಜಿಗಿದಿತ್ತು, ಕೆಲವು ದೀರ್ಘಗಳು ಕಳಚಿ ಬಿದ್ದಿದ್ದವು. ಸುಮಾರು ನಾನೂರು ಪುಟ. ನಾನು ಗೊಣಗುತ್ತಿರುವುದನ್ನು ಕೇಳಿ ಅಪ್ಪ ಕನ್ನಡಕ ಹಾಕಿಕೊಂಡು ಬಂದು ಕುರ್ಚಿ ಎಳೆದುಕೊಂಡ. ಮೊದಮೊದಲು ಅವನು ಬೆರಳಿಟ್ಟು ತೋರಿಸುವುದು, ನಾನು ತಿದ್ದುವುದು. ವಾರ ಕಳೆಯುವಷ್ಟರಲ್ಲಿ ಬಾಣದ ಕೀಲಿಗಳು, ಅಳಿಸುವ ಕೀಲಿ ಅವನಿಗೆ ರೂಢಿಯಾದವು. ಕೀಲಿಮಣೆಯಲ್ಲಿ ಅಕ್ಷರಗಳನ್ನು ಬುದ್ಧಿ ಇಲ್ಲದವರು ಜೋಡಿಸಿದ್ದಾರೆ, ಹೆಚ್ಚು ಬೇಕಾದವು ಕೈಗೆ ಹತ್ತಿರ ಇರಬೇಕಲ್ಲವೇ ಎಂದು ಬೈಯುತ್ತಿದ್ದ. ನನ್ನ ಟಿಪ್ಪಣಿಯ ವಾಕ್ಯಗಳನ್ನೂ ಬೈಯುತ್ತಿದ್ದ.

ಜೂನ್ ತಿಂಗಳ ಒಂದು ಸಂಜೆ. ಹೊರಗೆ ಮಳೆ, ಮೂರನೆಯ ಅಧ್ಯಾಯ ನಡೆಯುತ್ತಿತ್ತು. ಅಪ್ಪ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

"ಬೆಳಕು ಜಾಸ್ತಿಯಾಯ್ತು ಮಗಾ. ಕಣ್ಣು ಉರಿಯುತ್ತೆ, ಸ್ವಲ್ಪ ಕಮ್ಮಿ ಮಾಡು."

"ಎಷ್ಟಕ್ಕೆ ಇಡ್ಲಿ?"

"ಒಂದು ಸಾವಿರಕ್ಕೆ ಇಡು."